ಏಳು ಜನ, ಮೂರು ದೇಶ: ಸರದಿಯ ಮೇಲೆ ಆಡುವ ಯಾವ ತಂತ್ರದ ಆಟ ನಮಗೆ ಹೊಂದೀತು?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ಒಂದೇ ಹಾಸ್ಟೆಲಿನಲ್ಲಿ ಓದಿ ಬೆಳೆದ ನಾವು ಏಳು ಜನ ಸ್ನೇಹಿತರು ಈಗ ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಡಬ್ಲಿನ್ ಮತ್ತು ನ್ಯೂಜೆರ್ಸಿಗಳಲ್ಲಿ ಹಂಚಿಹೋಗಿದ್ದೇವೆ. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಹುಟ್ಟುಹಬ್ಬದ ಶುಭಾಶಯಗಳನ್ನು ಬಿಟ್ಟರೆ ಬೇರೆ ಮಾತೇ ಉಳಿದಿಲ್ಲವಾದ್ದರಿಂದ, ಎಲ್ಲರೂ ಒಟ್ಟಿಗೆ ಆಡಬಹುದಾದ ಒಂದು ತಂತ್ರದ ಆಟವನ್ನು ಆರಿಸಿಕೊಳ್ಳಬೇಕೆಂದಿದ್ದೇವೆ.

ಕಳೆದ ವರ್ಷ ಮೊಬೈಲಿನಲ್ಲಿ ಇಂಥದೊಂದು ಪ್ರಯತ್ನ ಮಾಡಿದ್ದೆವು. ಒಬ್ಬರ ನಡೆ ಮುಗಿದ ಮೇಲೆಯೇ ಇನ್ನೊಬ್ಬರ ಸರದಿ ಬರುವ ಆಟ ಅದು. ಸ್ನೇಹಿತನೊಬ್ಬ ಮಗಳ ನಾಮಕರಣಕ್ಕೆಂದು ಊರಿಗೆ ಹೋದ ನಾಲ್ಕು ದಿನ ಉಳಿದ ಆರು ಜನರೂ ಕೈಕಟ್ಟಿ ಕೂರಬೇಕಾಯಿತು. ಅವನು ಹಿಂದಿರುಗುವಷ್ಟರಲ್ಲಿ ಯಾರಿಗೂ ಆಸಕ್ತಿ ಉಳಿದಿರಲಿಲ್ಲ. ನಮ್ಮಲ್ಲಿ ಒಬ್ಬನ ಬಳಿ ಫೋನು ಮಾತ್ರ ಇದೆ, ಇನ್ನೊಬ್ಬನದು ಲಿನಕ್ಸ್ ಹಾಕಿದ ಹಳೆಯ ಲ್ಯಾಪ್‌ಟಾಪು, ಮತ್ತು ದಿನಕ್ಕೆ ಹದಿನೈದು ನಿಮಿಷಕ್ಕಿಂತ ಹೆಚ್ಚು ಬಿಡುವು ಯಾರಿಗೂ ಇಲ್ಲ. ಹಣ ಕೊಟ್ಟು ಕೊಳ್ಳಲು ಎಲ್ಲರೂ ಒಪ್ಪುವುದೂ ಅನುಮಾನ. ಫ್ರೀಸಿವ್, ಡಿಪ್ಲೊಮಸಿ, ಪಾಲಿಟೋಪಿಯಾ ಎಂಬ ಹೆಸರುಗಳನ್ನು ಕೇಳಿದ್ದೇನೆ. ಆಡಿ ಅನುಭವವಿರುವವರು ದಯವಿಟ್ಟು ದಾರಿ ತೋರಿಸಬೇಕು.

ಪಗಡೆಹಾಸು:

ಆಟದ ಹೆಸರಿಗಿಂತ ಮೊದಲು ನೀವು ನೋಡಬೇಕಾದದ್ದು ಸರದಿ ಹೇಗೆ ಸಾಗುತ್ತದೆ ಎಂಬುದನ್ನು. ಪಾಲಿಟೋಪಿಯಾ ಅಚ್ಚುಕಟ್ಟಾದ ಆಟವೇ, ಸಾಧಾರಣ ಫೋನಿನಲ್ಲೂ ನಡೆಯುತ್ತದೆ. ಆದರೆ ಅಲ್ಲಿಯೂ ಒಬ್ಬರಾದ ಮೇಲೆ ಒಬ್ಬರು ಆಡಬೇಕು. ಏಳು ಜನರಲ್ಲಿ ಪ್ರತಿಯೊಬ್ಬರೂ ಸರಾಸರಿ ಹನ್ನೆರಡು ಗಂಟೆ ತೆಗೆದುಕೊಂಡರೆಂದು ಇಟ್ಟುಕೊಳ್ಳಿ: ಒಂದು ಸುತ್ತಿಗೆ ಮೂರೂವರೆ ದಿನ, ಮೂವತ್ತು ಸುತ್ತಿಗೆ 105 ದಿನ. ಇಬ್ಬರು ಅಥವಾ ಮೂವರಿಗೆ ಸೊಗಸಾಗಿರುವ ಆಟ ಏಳು ಜನರ ಕೈಯಲ್ಲಿ ಸೊರಗುವುದು ಈ ಲೆಕ್ಕದಿಂದಲೇ.

ನಿಮಗೆ ಬೇಕಾದದ್ದು ಎಲ್ಲರೂ ಒಂದೇ ಗಡುವಿನೊಳಗೆ ಗುಟ್ಟಾಗಿ ಆದೇಶ ಬರೆದಿಟ್ಟು, ಗಡುವು ಮುಗಿದಾಗ ಎಲ್ಲವೂ ಒಟ್ಟಿಗೆ ಬಯಲಾಗುವಂಥ ಆಟ. ಅದರಲ್ಲಿಯೂ ನೀವು ಸರಿಯಾಗಿ ಏಳು ಜನ ಇರುವುದರಿಂದ ಡಿಪ್ಲೊಮಸಿಯನ್ನು ಬಿಟ್ಟು ಬೇರೆಯದನ್ನು ಸೂಚಿಸಲು ನನಗೆ ಮನಸ್ಸು ಬಾರದು. ಅಮೆರಿಕದ ಅಲನ್ ಕ್ಯಾಲಮರ್ 1954ರಲ್ಲಿ ರೂಪಿಸಿ 1959ರಲ್ಲಿ ಹೊರತಂದ ಈ ಆಟದಲ್ಲಿ ಮೊದಲ ಮಹಾಯುದ್ಧಕ್ಕೆ ಮುಂಚಿನ ಯೂರೋಪಿನ ಏಳು ರಾಷ್ಟ್ರಗಳಿವೆ. ಕಾಲ 1901ರ ವಸಂತದಿಂದ ಆರಂಭವಾಗುತ್ತದೆ. ನಕ್ಷೆಯಲ್ಲಿರುವ 34 ಸರಬರಾಜು ಕೇಂದ್ರಗಳಲ್ಲಿ (ಪಡೆಗಳನ್ನು ಸಾಕಲು ಆಧಾರವಾಗುವ ಪ್ರಾಂತ್ಯಗಳಲ್ಲಿ) 18ನ್ನು ಹಿಡಿದವರು ಗೆಲ್ಲುತ್ತಾರೆ. ದಾಳವಿಲ್ಲ, ಅದೃಷ್ಟವಿಲ್ಲ, ಎಲ್ಲ ಪಡೆಗಳ ಬಲವೂ ಸಮ. ಹೀಗಾಗಿ ಎದುರಾಳಿ ಬೇರೂರಿ ನಿಂತ ಜಾಗದಿಂದ ಅವನನ್ನು ಕದಲಿಸಬೇಕಾದರೆ ಇನ್ನೊಂದು ಪಡೆಯ ಬೆಂಬಲ ಬೇಕು, ಬಹಳ ಸಲ ಆ ಬೆಂಬಲವನ್ನು ನೆರೆಯವನಿಂದಲೇ ಕೇಳಿ ಪಡೆಯಬೇಕು. ಅಂದರೆ ಕಾಯಿ ನಡೆಸುವುದು ಐದು ನಿಮಿಷದ ಕೆಲಸ, ಉಳಿದದ್ದೆಲ್ಲ ಮಾತುಕತೆ. ಆ ಮಾತುಕತೆಯನ್ನು ನೀವು ಕನ್ನಡದಲ್ಲಿ, ಫೋನಿನಲ್ಲಿ, ಮಧ್ಯರಾತ್ರಿಯಲ್ಲಿ ಬೇಕಾದರೂ ನಡೆಸಬಹುದು. ಗುಂಪಿನಲ್ಲಿ ಮಾತು ನಿಂತುಹೋಗಿದೆ ಎಂದಿರಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆಯ ಮದ್ದು ಕಾಣೆ.

1963ರಿಂದಲೂ ಈ ಆಟವನ್ನು ಅಂಚೆಯ ಮೂಲಕ ಆಡುತ್ತ ಬಂದಿದ್ದಾರೆ. (ಕ್ಯಾಲಮರ್ ಸ್ವತಃ ಮುಂದೆ ಅಂಚೆ ಬಟವಾಡೆಯ ಕೆಲಸ ಮಾಡಿದವರು ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ.) ಈಗ ವೆಬ್‌ಡಿಪ್ಲೊಮಸಿ, ಬ್ಯಾಕ್‌ಸ್ಟ್ಯಾಬರ್ ಎಂಬ ಜಾಲತಾಣಗಳಲ್ಲಿ ಉಚಿತವಾಗಿ ಆಡಬಹುದು, ಬ್ರೌಸರ್ ಇದ್ದರೆ ಸಾಕು, ಫೋನಾದರೂ ಲಿನಕ್ಸ್ ಆದರೂ ನಡೆಯುತ್ತದೆ. ಆಟದ ಒಂದು ವರ್ಷದಲ್ಲಿ ವಸಂತದ ನಡೆ, ಶರತ್ಕಾಲದ ನಡೆ, ಕೊನೆಗೆ ಪಡೆಗಳನ್ನು ಕಟ್ಟುವುದು, ನಡುವೆ ಅಗತ್ಯವಿದ್ದರೆ ಹಿಮ್ಮೆಟ್ಟುವುದು ಎಂಬ ಹಂತಗಳಿವೆ. ಒಂದೊಂದು ಹಂತಕ್ಕೆ 24 ಗಂಟೆ ಇಟ್ಟುಕೊಂಡರೆ ಆಟದ ಒಂದು ವರ್ಷ ಮುಗಿಯಲು ಮೂರರಿಂದ ಐದು ದಿನ ಬೇಕಾಗುತ್ತದೆ.

ಹಳೆಗಾಲದ ಲಿನಕ್ಸಿಗ:

ಮೇಲಿನವರ ಮಾತನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ ಅವರು ಹೇಳದೆ ಬಿಟ್ಟ ಎರಡು ವಿಷಯಗಳಿವೆ. ಡಿಪ್ಲೊಮಸಿಯಲ್ಲಿ ಕೊಟ್ಟ ಮಾತಿಗೆ ತಪ್ಪುವುದು ಆಟದ ಭಾಗವೇ ಆಗಿರುವುದರಿಂದ, ಆಪ್ತ ಸ್ನೇಹಿತನೇ ಬೆನ್ನಿಗೆ ಚೂರಿ ಹಾಕಿದಾಗ ನಕ್ಕು ಸುಮ್ಮನಾಗುವ ಸ್ವಭಾವ ಏಳೂ ಜನರಿಗೆ ಇದೆಯೇ ಎಂದು ಮೊದಲೇ ಯೋಚಿಸಿ. ನಮ್ಮ ಗುಂಪಿನಲ್ಲಿ ಒಬ್ಬರು ಎರಡು ತಿಂಗಳು ಫೋನನ್ನೇ ಎತ್ತಲಿಲ್ಲ. ಇನ್ನೊಂದು, ಬೇಗ ಸೋತವನು ಆಟ ಮುಗಿಯುವವರೆಗೂ ಹೊರಗೆ ಕೂರಬೇಕು.

ಫ್ರೀಸಿವ್ ಈ ವಿಷಯದಲ್ಲಿ ಮೃದು. ಡೆನ್ಮಾರ್ಕಿನ ಆರ್ಹುಸ್ ವಿಶ್ವವಿದ್ಯಾಲಯದ ಮೂವರು ವಿದ್ಯಾರ್ಥಿಗಳು 1995ರಲ್ಲಿ ಶುರುಮಾಡಿದ ಈ ಮುಕ್ತ ತಂತ್ರಾಂಶದ ಆಟದಲ್ಲಿ ನಗರಗಳನ್ನು ಕಟ್ಟಿ, ವಿದ್ಯೆಗಳನ್ನು ಬೆಳೆಸಿ, ಬೇಕಾದರೆ ಜೊತೆಗೂಡಿ ಆಡಬಹುದು. ದಿನಕ್ಕೊಂದು ಸರದಿಯ ರೀತಿಗೆ ಅಲ್ಲಿನವರು ಲಾಂಗ್‌ಟರ್ನ್ ಎನ್ನುತ್ತಾರೆ. ಅದರ ಸರದಿ 23 ಗಂಟೆಯದು. ಹೀಗಾಗಿ ಸರದಿ ಬದಲಾಗುವ ಹೊತ್ತು ಪ್ರತಿದಿನ ಒಂದು ಗಂಟೆ ಹಿಂದಕ್ಕೆ ಸರಿಯುತ್ತ, ಯಾವ ದೇಶದವನಿಗೂ ಸದಾ ನಡುರಾತ್ರಿಯೇ ಬೀಳುವುದಿಲ್ಲ. ಆದರೆ ಇಲ್ಲಿ ‘ಒಟ್ಟಿಗೆ’ ಎಂಬುದಕ್ಕೆ ಅರ್ಥ ಬೇರೆ. ಆದೇಶಗಳು ಗುಟ್ಟಾಗಿ ಕಾಯುವುದಿಲ್ಲ; ಕೊಟ್ಟ ಕ್ಷಣವೇ ಜಾರಿಯಾಗುತ್ತವೆ. ಸರದಿ ಮುಗಿಯುವ ಮುನ್ನ ಒಮ್ಮೆ, ಹೊಸ ಸರದಿ ಶುರುವಾದೊಡನೆ ಮತ್ತೊಮ್ಮೆ ಸೈನ್ಯ ನಡೆಸಿದವನು ಎದುರಾಳಿ ನಿದ್ದೆಯಲ್ಲಿರುವಾಗಲೇ ಊರು ಹಿಡಿದಿರುತ್ತಾನೆ. ಇದನ್ನು ತಡೆಯಲು ಎರಡು ನಡೆಗಳ ನಡುವೆ ಇಂತಿಷ್ಟು ಗಂಟೆ ಕಾಯಲೇಬೇಕೆಂಬ ಒಂದು ಹೊಂದಿಕೆ ಸರ್ವರಿನಲ್ಲಿದೆ, ಅದನ್ನು ಮರೆಯದೆ ಹಾಕಿಕೊಳ್ಳಬೇಕು.

ಹದಿನೈದು ನಿಮಿಷದ ನಿಮ್ಮ ಷರತ್ತಿಗೆ ಮಾತ್ರ ಫ್ರೀಸಿವ್ ನಿಲ್ಲುವುದಿಲ್ಲ ಎಂದು ಪ್ರಾಮಾಣಿಕವಾಗಿ ಹೇಳಬೇಕು. ಮೊದಲ ವಾರ ಐದು ನಿಮಿಷ ಸಾಕು. ಇಪ್ಪತ್ತು ನಗರಗಳಾದ ಮೇಲೆ ಒಂದು ಗಂಟೆಯೂ ಸಾಲದು, ಫೋನಿನ ಪುಟ್ಟ ಪರದೆಯಲ್ಲಂತೂ ಕಷ್ಟ.

ಭಾನುವಾರದ ಆಟಗಾರ:

ವೆಸ್ನಾತ್ ಎಂಬ ಸರದಿಯ ತಂತ್ರದ ಆಟ ಕೂಡ ಉಚಿತ, ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ, ಆದರೆ ಅದಕ್ಕೆ ಎಲ್ಲರೂ ಒಂದೇ ಹೊತ್ತಿಗೆ ಕೂರಬೇಕಾಗುತ್ತದೆ. ಮೂರು ದೇಶಗಳ ಏಳು ಜನರನ್ನು ಹಾಗೆ ಕೂರಿಸುವುದು ಮದುವೆಯ ಮುಹೂರ್ತ ಇಟ್ಟಷ್ಟೇ ಕಷ್ಟ.

ತುಂಗಾತೀರ:

ಎಲ್ಲರಿಗೂ ಕೃತಜ್ಞತೆಗಳು. ಗುಂಪಿನಲ್ಲಿ ಕೇಳಿದಾಗ ಐವರು ಡಿಪ್ಲೊಮಸಿಗೆ ಒಪ್ಪಿದರು, ಉಳಿದಿಬ್ಬರು ಚೂರಿಯ ಮಾತು ಕೇಳಿ ಹಿಂಜರಿದು ಕೊನೆಗೆ ಹೂಂ ಅಂದರು. ವೆಬ್‌ಡಿಪ್ಲೊಮಸಿಯಲ್ಲಿ ರಾತ್ರಿ ಒಂಬತ್ತೂವರೆಯ ಗಡುವು ಇಡೋಣವೆಂದಿದ್ದೇವೆ. ಬೇಸಿಗೆಯಲ್ಲಿ ಆಗ ಡಬ್ಲಿನ್ನಿನಲ್ಲಿ ಸಂಜೆ ಐದು, ನ್ಯೂಜೆರ್ಸಿಯಲ್ಲಿ ಮಧ್ಯಾಹ್ನ ಹನ್ನೆರಡು. ಈ ಹೊತ್ತು ಪ್ರತಿದಿನ ಹಾಗೆಯೇ ನಿಲ್ಲುತ್ತದೆಯೇ?

ಪಗಡೆಹಾಸು:

ತಾನಾಗಿ ನಿಲ್ಲುವುದಿಲ್ಲ. ಆದೇಶ ಬರೆದ ಮೇಲೆ ‘ಉಳಿಸು’ ಮತ್ತು ‘ಸಿದ್ಧ’ ಎಂಬ ಅರ್ಥದ ಎರಡು ಗುಂಡಿಗಳಿರುತ್ತವೆ. ಎಲ್ಲರೂ ‘ಸಿದ್ಧ’ ಒತ್ತಿದರೆ ಹಂತ ಅಲ್ಲಿಗೇ ಮುಗಿದು, ಮುಂದಿನ 24 ಗಂಟೆ ಆ ಕ್ಷಣದಿಂದಲೇ ಎಣಿಕೆಯಾಗುತ್ತದೆ. ಬೆಳಗಿನ ಜಾವ ಮೂರಕ್ಕೆ ಗಡುವು ಬಂದು ನಿಲ್ಲುವುದು ಹೀಗೆಯೇ. ಆದ್ದರಿಂದ ಪ್ರತಿ ಹಂತದಲ್ಲೂ ಎಲ್ಲರೂ ‘ಉಳಿಸು’ ಮಾತ್ರ ಒತ್ತಬೇಕೆಂದು ಮೊದಲ ದಿನವೇ ಒಪ್ಪಂದ ಮಾಡಿಕೊಳ್ಳಿ. ಆ ಒಪ್ಪಂದವನ್ನಾದರೂ ಯಾರೂ ಮುರಿಯದಿರಲಿ.