ಆನೆಗೆ ಅಂತ ಲೈಟ್ ಹಾಕ್ಸಿದ ಮೇಲೆ ಮನೇಲಿ ನಿದ್ದೆ ಇಲ್ಲ, ಅನುಭವ ಇರೋರು ಹೇಳಿ

ಸಿದ್ದಾಪುರದ ಹತ್ರ ತೋಟದ ಮನೆ ನಮ್ದು. ಕಣದಲ್ಲಿ ಕಾಫಿ ಒಣಗೋಕೆ ಹಾಕಿದ್ದಾಗ ಆನೆ ಅಂಗಳದವರೆಗೂ ಬಂದುಬಿಡ್ತು, ಅದಾದ್ಮೇಲೆ ಯಜಮಾನ್ರು ಎರಡು ಬಿಳಿ ಎಲ್‌ಇಡಿ ಫ್ಲಡ್‌ಲೈಟ್ ಹಾಕ್ಸಿದ್ರು, ರಾತ್ರಿಯಿಡೀ ಉರೀತದೆ. ಬೆಳಕು ವೆಂಟಿಲೇಟರಿಂದ ನೇರ ಅತ್ತೆ ರೂಮಿಗೆ. ಅವರಿಗೆ ಶುಗರ್ ಬೇರೆ ಉಂಟು, ರಾತ್ರಿ ಎರಡಕ್ಕೆಲ್ಲ ಎದ್ದು ಕೂರ್ತಾರೆ. ಮಗ ಹನ್ನೆರಡಾದ್ರೂ ಮಲಗಲ್ಲ. ಲೈಟ್ ಆರ್ಸೋಕೂ ಭಯ. ಏನ್ ಮಾಡೋದು?

ಮಡಿಕೇರಿಯಿಂದ:
ಅಕ್ಕಾ, ನಾನು ನರ್ಸ್, ಹನ್ನೊಂದು ವರ್ಷ ನೈಟ್ ಡ್ಯೂಟಿ ಮಾಡಿದೀನಿ, ಅದಕ್ಕೇ ಇದನ್ನ ಹಗುರವಾಗಿ ತಗೋಬೇಡಿ ಅಂತೀನಿ. ನಮ್ಮ ಕಣ್ಣಲ್ಲಿ ನೋಡೋಕಲ್ಲದೆ ಬರೀ ಹಗಲಾ ರಾತ್ರಿಯಾ ಅಂತ ಮೆದುಳಿಗೆ ತಿಳಿಸೋಕೇ ಬೇರೆ ಕೋಶಗಳಿದಾವೆ, 2002ರಲ್ಲಿ ಗೊತ್ತಾಗಿದ್ದು, ಅವಕ್ಕೆ ನೀಲಿ ಅಂಶ ಇರೋ ಬೆಳಕು ಬಿದ್ರೆ ಸಾಕು ಇನ್ನೂ ಹಗಲು ಅಂದ್ಕೊಂಡು, ರಾತ್ರಿ ಆಯ್ತು ಅಂತ ದೇಹಕ್ಕೆ ತಿಳಿಸೋ ಮೆಲಟೋನಿನ್ ಅನ್ನೋ ಹಾರ್ಮೋನು ತಡೀತಾವೆ. ನಿಮ್ಮ ಬಿಳಿ ಎಲ್‌ಇಡಿಯಲ್ಲಿ ಆ ನೀಲಿನೇ ಜಾಸ್ತಿ. ಕಣ್ಣು ಮುಚ್ಚಿದ್ರೂ ರೆಪ್ಪೆ ದಾಟಿ ಸ್ವಲ್ಪ ಬೆಳಕು ಒಳಗೆ ಹೋಗೇ ಹೋಗ್ತದೆ. 2022ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ಯೂನಿವರ್ಸಿಟಿಯವರು ಆರೋಗ್ಯವಾಗಿರೋ 20 ಜನರ ಮೇಲೆ ಪ್ರಯೋಗ ಮಾಡಿದ್ರು, 100 ಲಕ್ಸ್ (ಲಕ್ಸ್ ಅಂದ್ರೆ ಬೆಳಕಿನ ಅಳತೆ, ಇದು ರೂಮಲ್ಲಿ ಸಾಧಾರಣ ಲೈಟ್ ಹಾಕಿದಷ್ಟು) ಬೆಳಕಲ್ಲಿ ಒಂದೇ ಒಂದು ರಾತ್ರಿ ಮಲಗಿದವರಿಗೆ ಎದೆಬಡಿತ ಜಾಸ್ತಿ ಇತ್ತು, ಬೆಳಿಗ್ಗೆ ಇನ್ಸುಲಿನ್ ಸರಿಯಾಗಿ ಕೆಲಸ ಮಾಡ್ತಿರ್ಲಿಲ್ಲ. ಸಣ್ಣ ಪ್ರಯೋಗವೇ, ಆದ್ರೆ ಶುಗರ್ ಇರೋ ಅತ್ತೆ ರೂಮಿಗೆ ಬೆಳಕು ಬರ್ತಿದೆ ಅಂದಾಗ ನನಗೆ ಮೊದಲು ನೆನಪಾಗಿದ್ದೇ ಅದು. ರಾತ್ರಿ ಪಾಳಿ ಕೆಲಸವನ್ನ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2007ರಲ್ಲೇ ಬಹುಶಃ ಕ್ಯಾನ್ಸರ್ ತರಬಲ್ಲದ್ದು ಅಂತ ಹೇಳಿತ್ತು, 2019ರಲ್ಲಿ ಮತ್ತೆ ಪರಿಶೀಲಿಸಿ ಅದನ್ನೇ ಹೇಳ್ತು. ಹಾಗಂತ ಎಲ್ಲರಿಗೂ ಬರ್ತದೆ ಅಂತಲ್ಲ, ಹೆದರ್ಬೇಡಿ. ಇನ್ನೊಂದು, ಶುಗರ್ ಏರಿದ್ರೂ ರಾತ್ರಿ ಪದೇ ಪದೇ ಮೂತ್ರಕ್ಕೆ ಏಳ್ಬೇಕಾಗ್ತದೆ, ಎಲ್ಲಾನೂ ಲೈಟ್ ಮೇಲೆ ಹಾಕದೆ ಡಾಕ್ಟರಿಗೂ ತೋರ್ಸಿ. ಅವರು ಬಾತ್‌ರೂಮಿಗೆ ಹೋಗೋ ದಾರೀಲಿ ನೆಲದ ಹತ್ರ ಕಿತ್ತಳೆ ಬಣ್ಣದ ಝೀರೋ ಬಲ್ಬ್ ಇರ್ಲಿ, ಕತ್ತಲೆ ಮಾಡೋಕೆ ಹೋಗಿ ಬಿದ್ದುಬಿಟ್ರೆ ಕಷ್ಟ.

ಪೊನ್ನಂಪೇಟೆಯಿಂದ:
ಆನೆ ಭಯ ನಮಗೂ ಉಂಟು, ಲೈಟ್ ತೆಗೀರಿ ಅಂತ ನಾನು ಹೇಳಲ್ಲ. ನಾವು ಮಾಡಿದ್ದು ಇಷ್ಟೇ, ಲೈಟನ್ನ ಗೋಡೆಯಿಂದ ತೋಟದ ಕಡೆ ಮುಖ ಮಾಡಿ ಕೆಳಕ್ಕೆ ಬಗ್ಗಿಸಿ ಮೇಲೊಂದು ತಗಡಿನ ಮರೆ ಹಾಕಿದ್ವಿ, ಬಿಳಿ ತೆಗೆದು ಹಳದಿ ಬಲ್ಬ್ ಹಾಕಿದ್ವಿ (ಡಬ್ಬಿ ಮೇಲೆ 2700ಕೆ ಅಂತ ಇರ್ತದೆ ನೋಡಿ), ಒಂದನ್ನ ಸೆನ್ಸರ್‌ಗೆ ಹಾಕಿದ್ವಿ. ನಾಯಿ ಓಡಾಡಿದ್ರೂ ಹತ್ತುತ್ತೆ, ಅದೊಂದು ರಗಳೆ, ಆದ್ರೆ ಏನೋ ಬಂದಿದೆ ಅಂತ ನಮಗೂ ಗೊತ್ತಾಗ್ತದೆ, ಮೊದಲು ಇಡೀ ರಾತ್ರಿ ಉರೀತಿದ್ದಾಗ ಆನೆ ಬಂದು ಬಾಳೆ ಮುರಿದು ಹೋಗಿದ್ದೂ ಬೆಳಿಗ್ಗೆನೇ ಗೊತ್ತಾಗಿದ್ದು. ವೆಂಟಿಲೇಟರಿಗೆ ದಪ್ಪ ರಟ್ಟು ಹೊಡೀರಿ, ಇವತ್ತೇ ಆಗೋ ಕೆಲಸ. ಮುಂಗಾರಿಗೆ ಮುಂಚೆ ಮನೆ ಹಿಂದೆ ಮಿಂಚುಹುಳ ಕಾಣೋದೇ ನಿಂತಿತ್ತು, ಲೈಟ್ ತಿರುಗಿಸಿದ ವರ್ಷ ಮತ್ತೆ ಕಂಡ್ವು, ನಮ್ಮ ಅಮ್ಮ ಎಷ್ಟು ಖುಷಿಪಟ್ರು ಗೊತ್ತಾ.

ಸೋಮವಾರಪೇಟೆಯಿಂದ:
ಮಗನ ವಿಷಯಕ್ಕೆ ಹೇಳ್ತೀನಿ, ನನ್ನ ಮಗಳೂ ಹಾಗೇ ಇದ್ಲು. ಹತ್ತು ಗಂಟೆಗೆ ಫೋನ್ ಕಿತ್ಕೊಂಡು ಜಗಳ ಆಡಿದ್ದಷ್ಟೇ ಬಂತು, ಉಪಯೋಗ ಆಗಿದ್ದು ಬೆಳಗಿನ ಬೆಳಕು. ನಮ್ಮಲ್ಲಿ ಆಷಾಢದ ಮಳೇಲಿ ವಾರಗಟ್ಟಲೆ ಬಿಸಿಲೇ ಇಲ್ಲ, ಮಕ್ಕಳು ಹಗಲೂ ಮಬ್ಬಲ್ಲೇ ಕೂತಿರ್ತಾರೆ, ಹಗಲು ರಾತ್ರಿ ವ್ಯತ್ಯಾಸನೇ ದೇಹಕ್ಕೆ ತಿಳಿಯಲ್ಲ. ಮೋಡ ಇದ್ರೂ ಮನೆ ಒಳಗಿಗಿಂತ ಹೊರಗೆ ಬೆಳಕು ಎಷ್ಟೋ ಪಟ್ಟು ಜಾಸ್ತಿ. ಎದ್ದ ಕೂಡ್ಲೇ ಜಗಲೀಲಿ ಕೂತು ಕಾಫಿ ಕುಡಿಯೋ ಅಭ್ಯಾಸ ಮಾಡ್ಸಿದೆ, ಅರ್ಧ ಗಂಟೆ, ಭಾನುವಾರನೂ ಅದೇ ಹೊತ್ತಿಗೆ. ಮೂರನೇ ವಾರಕ್ಕೆ ಅವಳೇ ಹತ್ತೂವರೆಗೆ ಆಕಳಿಸೋಕೆ ಶುರು ಮಾಡಿದ್ಲು. ಅತ್ತೆಯವರನ್ನೂ ಜೊತೆಗೆ ಕೂರ್ಸಿ, ಶಾಲು ಹೊದ್ಕೊಂಡು.