ಸಹಾಯ ಬೇಕು: ಫೈರ್‌ಬರ್ಡ್ ಕಾರಿಗೆ ಫೈಬರ್‌ಗ್ಲಾಸ್ ಮೂತಿ ಹೊಂದುತ್ತಿಲ್ಲ

1982ರಲ್ಲಿ ಆರಂಭವಾದ ‘ನೈಟ್ ರೈಡರ್’ ಟಿವಿ ಸರಣಿಯ ಮಾತನಾಡುವ ಕಪ್ಪು ಕಾರಿನ ಪ್ರತಿರೂಪವನ್ನು ಮೂರನೇ ತಲೆಮಾರಿನ ಪಾಂಟಿಯಾಕ್ ಫೈರ್‌ಬರ್ಡ್‌ನಲ್ಲಿ ಸಿದ್ಧಪಡಿಸುತ್ತಿದ್ದೇನೆ. ಬಾಗುವ ಗುಣವುಳ್ಳ ಮೂಲ ಬಂಪರ್ ಹೊದಿಕೆಯನ್ನು ತೆಗೆದು, ಕೆಂಪು ದೀಪ ಅತ್ತಿತ್ತ ಓಡುವ ಸೀಳಿರುವ ಫೈಬರ್‌ಗ್ಲಾಸ್ ಮೂತಿಯನ್ನು ಕೂರಿಸಿದಾಗ, ಬಾನೆಟ್‌ನ ಅಂಚು ಸರಿಯಾಗಿ ಹೊಂದಿದರೂ ಎಡ ಫೆಂಡರ್‌ನ (ಮುಂಚಕ್ರದ ಮೇಲಿನ ಹೊರಕವಚದ) ಬಳಿ ಬೆರಳು ತೂರುವಷ್ಟು ಸಂದು ಉಳಿಯುತ್ತಿದೆ. ಬೋಲ್ಟ್ ರಂಧ್ರಗಳನ್ನು ಹಿಗ್ಗಿಸಿದರೂ ಸಾಲಲಿಲ್ಲ. ಫೆಂಡರನ್ನು ಮುಂದಕ್ಕೆ ಸರಿಸಿದರೆ ಬಾಗಿಲಿನ ಬಳಿ ಸಂದು ಬೀಳುತ್ತದೆ, ಮೇಲೇಳುವ ಹೆಡ್‌ಲೈಟ್‌ನ ಮುಚ್ಚಳವೂ ಉಜ್ಜುತ್ತದೆ. ಬೋಲ್ಟ್ ಬಿಗಿದು ಎಳೆದು ಕೂರಿಸಲು ನನಗೆ ಮನಸ್ಸಿಲ್ಲ, ಏಕೆಂದರೆ ಒತ್ತಡದಲ್ಲಿರುವ ಫೈಬರ್‌ಗ್ಲಾಸ್ ಮೇಲಿನ ಬಣ್ಣ ಕ್ರಮೇಣ ಬಿರುಕು ಬಿಡುತ್ತದೆ. ಪುಟ್ಟಿಯನ್ನು ದಪ್ಪವಾಗಿ ಮೆತ್ತಿದರೂ ಅದೇ ಗತಿ. ಹಾಗಾದರೆ ಮೂತಿಯ ಅಂಚಿಗೆ ಗ್ಲಾಸ್ ಮ್ಯಾಟ್ (ಗಾಜಿನ ನಾರಿನ ಹಾಳೆ) ಮತ್ತು ರೆಸಿನ್ (ಅದನ್ನು ಗಟ್ಟಿಗೊಳಿಸುವ ಅಂಟು) ಸೇರಿಸಿ ಉದ್ದ ಮಾಡಬೇಕೇ, ಇಲ್ಲವೇ ಅಂಚಿನಲ್ಲಿ ಒಳಕ್ಕೆ ಮಡಿಚಿರುವ ಭಾಗವನ್ನು ಕತ್ತರಿಸಿ ಮೂತಿಯನ್ನೇ ಹಿಂದಕ್ಕೆ ತಳ್ಳಬೇಕೇ? ಅನುಭವವಿದ್ದವರು ದಯವಿಟ್ಟು ತಿಳಿಸಿ.