ಫಾಸ್ಫಟೇಸ್‌ನ ‘ಡಾಕಿಂಗ್’ ಜಾಗಕ್ಕೆ ‘ಧಕ್ಕೆ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ. ಕಾರವಾರದಲ್ಲಿ ಬಿಎಸ್ಸಿ ಮಕ್ಕಳಿಗಾಗಿ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ. ಒಂದು ಪದಕ್ಕೆ ನಿಮ್ಮ ನೆರವು ಬೇಕು: ಕಿಣ್ವ ತನಗೆ ಬೇಕಾದ ಪ್ರೋಟೀನನ್ನು ಹಿಡಿದುಕೊಳ್ಳುವ ‘ಡಾಕಿಂಗ್’ ಜಾಗಕ್ಕೆ ಕನ್ನಡದಲ್ಲಿ ಏನನ್ನುವುದು?

ಪ್ರೋಟೀನಿಗೆ ಫಾಸ್ಫೇಟ್ ಅಂಟಿಸುವ ಕಿಣ್ವ ಕೈನೇಸ್, ಅದನ್ನು ಕೀಳುವುದು ಫಾಸ್ಫಟೇಸ್. ನಮ್ಮ ದೇಹದಲ್ಲಿ ಕೈನೇಸ್‌ಗಳು 500ಕ್ಕೂ ಜಾಸ್ತಿ. ಸೆರೀನ್, ಥ್ರಿಯೊನೀನ್ ಎಂಬ ಅಮೈನೊ ಆಮ್ಲಗಳ ಮೇಲಿನ ಫಾಸ್ಫೇಟ್ ಕೀಳುವ ಫಾಸ್ಫಟೇಸ್‌ಗಳು ಕೆಲವೇ ಡಜನ್. ಅಷ್ಟು ಕಡಿಮೆ ಇದ್ದೂ ಸಾವಿರಾರು ಪ್ರೋಟೀನುಗಳ ನಡುವೆ ಸರಿಯಾದದ್ದನ್ನೇ ಹೇಗೆ ಹಿಡಿಯುತ್ತವೆ?

‘ಸಕ್ರಿಯ ತಾಣವೇ (ಕಿಣ್ವದ ರಾಸಾಯನಿಕ ಕ್ರಿಯೆ ನಡೆಯುವ ಜಾಗ) ಗುರುತಿಸುತ್ತದೆ’ ಅಂತ ಬರೆದರೆ ತಪ್ಪಾಗುತ್ತದೆ. ಕ್ಯಾಲ್ಸಿನ್ಯೂರಿನ್ ಎಂಬ ಫಾಸ್ಫಟೇಸ್ ನೋಡಿ. ಅದರ ಸಕ್ರಿಯ ತಾಣದಲ್ಲಿ ಕಬ್ಬಿಣ, ಸತು ಇವೆ. ಫಾಸ್ಫೇಟ್ ಕೀಳುವ ಕೆಲಸ ಅಲ್ಲಿ. ಆದರೆ ಎನ್‌ಫ್ಯಾಟ್ ಎಂಬ ಪ್ರೋಟೀನನ್ನು ಅದು ಹಿಡಿಯುವುದು ಬೇರೆ ಕಡೆ. ಎನ್‌ಫ್ಯಾಟ್‌ನಲ್ಲಿ ಒಂದು ಪುಟ್ಟ ಸಾಲು ಇದೆ: ಪ್ರೋಲೀನ್, ಯಾವುದಾದರೊಂದು, ಐಸೊಲ್ಯೂಸೀನ್, ಯಾವುದಾದರೊಂದು, ಐಸೊಲ್ಯೂಸೀನ್, ಥ್ರಿಯೊನೀನ್. ಈ ಆರು ಅಮೈನೊ ಆಮ್ಲಗಳ ಜಾಗ ಫಾಸ್ಫೇಟ್ ಇರುವ ಜಾಗವಲ್ಲ. ಇದನ್ನು ಹೋಲುವ ಸಾಲುಗಳು ಕ್ಯಾಲ್ಸಿನ್ಯೂರಿನ್ ಹಿಡಿಯುವ ಬೇರೆ ಪ್ರೋಟೀನುಗಳಲ್ಲೂ ಇವೆ.

ಲ್ಯೂಸೀನ್, ಯಾವುದಾದರೊಂದು, ವ್ಯಾಲೀನ್, ಪ್ರೋಲೀನ್ ಎಂಬ ಇನ್ನೊಂದು ಸಾಲೂ ಇದೆ. ಅದು ಕೂರುವ, ಕ್ಯಾಲ್ಸಿನ್ಯೂರಿನ್ ಮೇಲಿನ ಇನ್ನೊಂದು ತೋಡನ್ನು ಮುಚ್ಚುವುದು ಕಿಡ್ನಿ ಕಸಿ ಆದವರಿಗೆ ಕೊಡುವ ಸೈಕ್ಲೊಸ್ಪೋರಿನ್. ಒಬ್ಬಂಟಿಯಾಗಿ ಅಲ್ಲ, ಸೈಕ್ಲೊಫಿಲಿನ್ ಎಂಬ ಪ್ರೋಟೀನಿನ ಜೊತೆ ಸೇರಿ. ಸಕ್ರಿಯ ತಾಣ ತೆರೆದೇ ಇರುತ್ತದೆ, ಚಿಕ್ಕ ಅಣುಗಳಿಂದ ಫಾಸ್ಫೇಟ್ ಕೀಳುತ್ತಲೂ ಇರುತ್ತದೆ. ಎನ್‌ಫ್ಯಾಟ್ ಮಾತ್ರ ಸರಿಯಾಗಿ ಕೂರಲಾರದು. ಹಿಡಿಯುವುದು ಬೇರೆ, ಕೀಳುವುದು ಬೇರೆ ಅನ್ನುವುದಕ್ಕೆ ನನಗೆ ಇದಕ್ಕಿಂತ ಒಳ್ಳೆ ಉದಾಹರಣೆ ಸಿಕ್ಕಿಲ್ಲ.

ಈ ಹಿಡಿಯುವ ಜಾಗಕ್ಕೆ ಏನನ್ನೋಣ? ನನ್ನ ಮನಸ್ಸು ‘ಧಕ್ಕೆ’ ಕಡೆಗಿದೆ; ಕರಾವಳಿಯಲ್ಲಿ ಹಾಗೆಂದರೆ ಬೋಟು ಬಂದು ನಿಲ್ಲುವ ಕಟ್ಟೆ. ನಮ್ಮ ಕಾರವಾರದ ಮೀನುಗಾರಿಕೆ ಬಂದರು ಬೈತಖೋಲದ ಧಕ್ಕೆಯಲ್ಲಿ ಬೋಟಿನ ಹಗ್ಗ ಒಂದು ಕಡೆ ಕಟ್ಟುತ್ತಾರೆ, ಮೀನು ಇನ್ನೊಂದು ಕಡೆಯಿಂದ ಇಳಿಯುತ್ತದೆ. ಕರಾವಳಿಯ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ತೊಡಕು ಇರುವುದು ಘಟ್ಟದ ಮೇಲೆ. ಶಿರಸಿಯ ಹುಡುಗಿ ‘ಪ್ರೋಟೀನಿನ ಧಕ್ಕೆ’ ಅಂತ ಓದಿದರೆ ಪ್ರೋಟೀನಿಗೆ ಹಾನಿಯಾಯಿತು ಅಂದುಕೊಳ್ಳುತ್ತಾಳೆ, ಅಲ್ವಾ? ‘ಧಕ್ಕೆತಾಣ’ ಅಂದರೂ ಆ ಅನುಮಾನ ಹೋಗದು. ‘ಹಿಡಿತಾಣ’ ಎಲ್ಲರಿಗೂ ತಿಳಿಯುತ್ತದೆ, ‘ಸಕ್ರಿಯ ತಾಣ’ದ ಪಕ್ಕದಲ್ಲಿ ಚೆನ್ನಾಗಿಯೂ ನಿಲ್ಲುತ್ತದೆ. ಆದರೆ ಆ ಪುಟ್ಟ ಸಾಲಿಗೆ ‘ಹಿಡಿಸಾಲು’ ಅನ್ನಬಹುದೇ, ಅಥವಾ ಕಿವಿಗೆ ಒರಟಾಗುತ್ತದೆಯೇ? ಜೀವಶಾಸ್ತ್ರ ಕಲಿಸುವವರು, ಬಂದರಿನ ಮಾತು ಬಲ್ಲವರು ಇಬ್ಬರೂ ಹೇಳಿ.